ಗುಜರಿಯ ಹೋರಿಗೆ ಕಂಚಿನ ಬಣ್ಣವೇಕೆ?

14 ವರ್ಷಗಳಿಂದ ಚಂಡೀಗಢದಲ್ಲಿ ನೆಲೆಸಿರುವ ನಾನು, ದಾವಣಗೆರೆಯಿಂದ ಯಾರೇ ಬಂದರೂ ಅವರನ್ನು ಸುಖ್ನಾ ಕೆರೆಯ ಸಮೀಪದ ರಾಕ್ ಗಾರ್ಡನ್‌ಗೆ ತಪ್ಪದೆ ಕರೆದೊಯ್ಯುತ್ತೇನೆ. ಒಡೆದ ಬಳೆಯ ಚೂರುಗಳನ್ನು ಸಿಮೆಂಟಿನಲ್ಲಿ ಒತ್ತೊತ್ತಾಗಿ ಕೂರಿಸಿದ ಬೊಂಬೆಗಳ ಸಾಲಿನ ಮುಂದೆ ನಮ್ಮ ಅತ್ತಿಗೆ ಬಹಳ ಹೊತ್ತು ನಿಂತಿದ್ದು, "ಇವು ನಮ್ಮ ಕಡೆಯ ಹಸಿರು ಬಳೆಯ ಹಾಗೇ ಇವೆಯಲ್ಲ" ಎಂದಿದ್ದರು. ಬಳೆಯು ಬೊಂಬೆಯ ಸೀರೆಯಾದ ಮೇಲೂ ಬಳೆಯಾಗಿಯೇ ಉಳಿದಿದೆ ಎಂಬುದನ್ನು ಅವರು ನೋಡಿದ ಕೂಡಲೇ ಗುರುತಿಸಿದ್ದರು.

ಈ ರಾಕ್ ಗಾರ್ಡನ್ ಕಟ್ಟಿದವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್. ಅವರು ಹೊಸ ನಗರ ಕಟ್ಟಲೆಂದು ಕೆಡವಿದ ಕಡೆಗಳಿಂದ ಒಡಕು ಪಿಂಗಾಣಿ, ಹಂಚು, ಹಳೆಯ ಸೈಕಲ್ಲಿನ ಭಾಗಗಳನ್ನು ಹೊತ್ತು ತಂದು, ಕಟ್ಟಡಗಳಿಗೆ ಅನುಮತಿಯಿಲ್ಲದ ಕಾಡಿನ ಜಾಗದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ದುಡಿದರು. ಆ ಉದ್ಯಾನ ಅಧಿಕಾರಿಗಳ ಕಣ್ಣಿಗೆ ಬಿದ್ದ ಮೇಲೂ ನೆಲಸಮವಾಗದೆ, 1976ರಲ್ಲಿ ಜನರಿಗೆ ತೆರೆದುಕೊಂಡಿತು.

ಕಳೆದ ಯುಗಾದಿಗೆ ದಾವಣಗೆರೆಗೆ ಬಂದಾಗ, ಶಿಲ್ಪ ಶಿಬಿರವೊಂದರಲ್ಲಿ ಒಬ್ಬ ಯುವಕ ಮಾಡುತ್ತಿದ್ದ ಹೋರಿಯನ್ನು ಕಂಡೆ. ಮುಚ್ಚಿದ ಹತ್ತಿ ಗಿರಣಿಯಿಂದ ಗುಜರಿ ಅಂಗಡಿ ಸೇರಿದ್ದ ಕದಿರುಗಳನ್ನು ಪಕ್ಕೆಲುಬುಗಳಾಗಿ ಜೋಡಿಸಿ, ಹಲ್ಲುಚಕ್ರವೊಂದನ್ನು ಹಿಣಿಲಾಗಿ ನಿಲ್ಲಿಸಿದ್ದ. ಕುತ್ತಿಗೆಯ ಕೆಳಗೆ ಸಡಿಲವಾಗಿ ತೂಗುಬಿಟ್ಟ ಸೈಕಲ್ ಚೈನುಗಳು ಥೇಟ್ ಗಂಗೆದೊಗಲಿನಂತೆ ಗಾಳಿಗೆ ಅಲುಗುತ್ತಿದ್ದವು. ಹಲ್ಲುಚಕ್ರವು ಬೀಡು ಕಬ್ಬಿಣದ್ದಾದ್ದರಿಂದ, ಕಾಯಿಸದೆ ಬೆಸೆದರೆ ಬಿರುಕು ಬಿಡುತ್ತದೆಂದು ಅದನ್ನು ಬೋಲ್ಟಿನಿಂದ ಬಿಗಿದಿದ್ದ. ವಸ್ತುವಿನ ಗುಣ ತಿಳಿದು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದೇ ಈ ಬಗೆಯ ಶಿಲ್ಪದ ಜೀವಾಳ. ಆದರೆ ಎರಡು ದಿನಗಳ ಅನಂತರ ನೋಡಿದರೆ ಇಡೀ ಹೋರಿ ಕಂಚಿನ ಬಣ್ಣದಲ್ಲಿ ಮುಳುಗಿತ್ತು. ಚೈನುಗಳು ಬಣ್ಣಕ್ಕೆ ಅಂಟಿ ಸೆಟೆದುಕೊಂಡಿದ್ದವು. ಉದ್ಘಾಟನೆಯ ದಿನ ಗುಜರಿ ಕಾಣಬಾರದೆಂದು ಏರ್ಪಾಡು ಮಾಡಿದವರೇ ಹೇಳಿದರಂತೆ. ನನಗೆ ನಿಜಕ್ಕೂ ನೋವಾಯಿತು.

ಈ ಮನೋಭಾವ ನಮ್ಮ ಊರೊಂದರದೇ ಅಲ್ಲ. ದೆಹಲಿಯಲ್ಲಿ 2019ರಲ್ಲಿ ತೆರೆದ ವೇಸ್ಟ್ ಟು ವಂಡರ್ ಉದ್ಯಾನದಲ್ಲಿ ಗುಜರಿಯಿಂದ ತಾಜ್ ಮಹಲ್, ಐಫೆಲ್ ಗೋಪುರ ಮೊದಲಾದ 7 ಅದ್ಭುತಗಳ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ಆ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅಲ್ಲಿ ಕಬ್ಬಿಣವು ಅಮೃತಶಿಲೆಯ ಬದಲಿಗೆ ನಿಂತಿದೆಯೇ ಹೊರತು ತನ್ನ ಮಾತನ್ನು ತಾನು ಆಡುತ್ತಿಲ್ಲ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಸೇರಿಸಿ ಮಾಡಿದ ಗೂಳಿಯ ತಲೆಯಲ್ಲಿ ಗೂಳಿಯೂ ಕಾಣುತ್ತದೆ, ಸೈಕಲ್ಲೂ ಕಾಣುತ್ತದೆ.

ಬಯಲಿನಲ್ಲಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ತುಕ್ಕನ್ನು ಉಜ್ಜಿ ತೆಗೆದು ಪಾರದರ್ಶಕ ವಾರ್ನಿಷ್ ಬಳಿದು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯುವ ವ್ಯವಸ್ಥೆ ಮಾಡಬಹುದು. ಕದಿರು ತಿರುಗಿಸಿ ಸಂಸಾರ ಸಾಕಿದ ಗಿರಣಿ ಕಾರ್ಮಿಕರು ದಾವಣಗೆರೆಯಲ್ಲಿ ಇನ್ನೂ ಇದ್ದಾರೆ. ಮುಂದಿನ ಶಿಬಿರದಲ್ಲಾದರೂ ಬಣ್ಣದ ಡಬ್ಬಿಯನ್ನು ತೆರೆಯುವ ಮುನ್ನ ಅವರಲ್ಲಿ ನಾಲ್ಕು ಜನರನ್ನು ಕರೆಸಿ, ಹೋರಿಯ ಪಕ್ಕೆಯ ಮೇಲೆ ಅವರ ಕೈಯಾಡಲು ಬಿಡಿ.