ಪ್ರಾಸವಿದ್ದ ಮಾತ್ರಕ್ಕೆ ದುಃಖ ಸುಳ್ಳಾಗುವುದಿಲ್ಲ

ಕಳೆದುಹೋದ ಪ್ರೀತಿಯ ಕವಿತೆಗೆ ಪ್ರಾಸ, ಛಂದಸ್ಸು ಬರೀ ಅಲಂಕಾರ, ನಿಜವಾದ ನೋವು ಪ್ರಾಸ-ಮಾತ್ರೆಗಳ ಕಟ್ಟಿಲ್ಲದ ಮುಕ್ತ ಛಂದದಲ್ಲೇ ಬರುವುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ನಮ್ಮ ಶಿರಸಿ ಸೀಮೆಯಲ್ಲಿ ಯಕ್ಷಗಾನ ಕೇಳಿ ಬೆಳೆದವರು ಯಾರೂ ಒಪ್ಪಲಿಕ್ಕಿಲ್ಲ.

ಆರು ಸಾಲಿನ ಪದ್ಯಬಂಧವಾದ ಭಾಮಿನಿ ಷಟ್ಪದಿಯನ್ನೇ ನೋಡಿ. ಮೊದಲ ಎರಡು ಸಾಲು ತಲಾ 14 ಮಾತ್ರೆಗೆ (ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ) ನಿಲ್ಲುತ್ತವೆ. ಮೂರನೆಯದು 21 ಮಾತ್ರೆ, ಮೇಲೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ತಡೆದಿಟ್ಟ ಉಸಿರು ಅಲ್ಲಿ ಹೊರಬೀಳುತ್ತದೆ. ಅಳುವವರ ಮಾತೂ ಹಾಗೇ ಅಲ್ಲವೇ, ಎರಡು ತುಂಡು ಮಾತು, ಆಮೇಲೆ ಒಂದು ಉದ್ದನೆಯ ನರಳಿಕೆ?

ಇನ್ನು ಪಲ್ಲವಿ, ಅಂದರೆ ಮರಳಿ ಮರಳಿ ಬರುವ ಸಾಲು. ನಳ ಕಾಡಿನಲ್ಲಿ ಬಿಟ್ಟುಹೋದ ಮೇಲೆ ದಮಯಂತಿಯ ಪದ್ಯವನ್ನು ಯಕ್ಷಗಾನದ ಹಾಡುಗಾರರಾದ ಭಾಗವತರು ಎತ್ತಿ, ಒಂದೇ ಸಾಲಿಗೆ ಮತ್ತೆ ಮತ್ತೆ ಬರುವಾಗ ಗಮನಿಸಿ. ಮೊದಲ ಸಲ ಅದು ಪ್ರಶ್ನೆ. ಮೂರನೇ ಸಲಕ್ಕೆ ಉತ್ತರ ಬರುವುದಿಲ್ಲವೆಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಶಬ್ದ ಒಂದೂ ಬದಲಾಗಿಲ್ಲ. ಮುಕ್ತ ಛಂದಕ್ಕೆ ಅದರದೇ ಶಕ್ತಿಯಿದೆ, ನಿಜ; ಈ ಕೆಲಸ ಮಾತ್ರ ಮರಳಿ ಬರಲೇಬೇಕಾದ ಸಾಲಿನದು.

ಲೇಖಕರು ಪಾಶ್ಚಾತ್ಯ ಕಾವ್ಯವನ್ನೂ ತಮ್ಮ ಪರವಾಗಿ ಕರೆದಿದ್ದಾರೆ. ಆದರೆ ಅಮೆರಿಕದ ಕವಿ ಎಲಿಜಬೆತ್ ಬಿಷಪ್ ಕಳೆದುಕೊಳ್ಳುವಿಕೆಯ ಬಗ್ಗೆ ಬರೆದ 'ಒನ್ ಆರ್ಟ್' ಕವಿತೆಯ ಮೊದಲ ಕರಡು ಸಡಿಲ ಗದ್ಯದಂತಿತ್ತು. ಎಷ್ಟೋ ಕರಡುಗಳ ನಂತರ ಅದು ವಿಲನೆಲ್ ಆಯಿತು: 19 ಸಾಲು, ಅದರಲ್ಲಿ ಎರಡು ಸಾಲುಗಳು ತಿರುತಿರುಗಿ ಬರುವ ಬಿಗಿ ಬಂಧ. ಕೊನೆಯ ಸಾಲಿನಲ್ಲಿ ಕವಿ ತನಗೆ ತಾನೇ 'ಬರೆ' ಎಂದು ಅಪ್ಪಣೆ ಕೊಟ್ಟುಕೊಳ್ಳಬೇಕಾಗುತ್ತದೆ. ಆ ತಡವರಿಕೆ ನಮಗೆ ಕೇಳಿಸುವುದು ಅಲ್ಲಿಯವರೆಗೆ ನಡೆ ಅಷ್ಟು ಬಿಗಿಯಾಗಿದ್ದುದರಿಂದಲೇ.