ಕುಕ್ಕರಿನ ಜಾತಕ

ನಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಐದು ಸಲ ಕೈಕೊಟ್ಟಿದೆ. ಐದೂ ಸಲ ಬೇಳೆ ಒಳಗೆ, ನೆಂಟರು ಹೊರಗೆ. ಬೇರೆ ಗಂಡಂದಿರಾಗಿದ್ದರೆ ಅಂಗಡಿಗೆ ಓಡಿ ಹೊಸದನ್ನು ತಂದು ಸುಮ್ಮನಾಗುತ್ತಿದ್ದರು. ನಾನು ಬೇರಿಂಗ್ ಮಾಡುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆದು ನಿವೃತ್ತನಾದವನು. ಯಾವುದೇ ವಸ್ತು ಮುರಿದರೂ ದುಃಖಪಡುವ ಮೊದಲು ದಿನಾಂಕ ಬರೆದುಕೊಳ್ಳುವ ಚಟ ಅಂಟಿಕೊಂಡಿದೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಐದು ಅಂಕಿಗಳಿವೆ: 5, 7, 8, 9, 11. ಒಂದೊಂದು ಗ್ಯಾಸ್ಕೆಟ್ ಎಷ್ಟು ತಿಂಗಳು ಬಾಳಿತೆಂಬ ಲೆಕ್ಕ.

“ಸರಾಸರಿ ಎಂಟು ತಿಂಗಳಾಯಿತಲ್ಲ. ಎಂಟು ತಿಂಗಳಿಗೊಂದು ತಂದರೆ ಆಯಿತು” ಎಂದಳು ಹೆಂಡತಿ. ಹಾಗೆ ಮಾಡಿದ್ದರೂ ಐದರದ್ದು, ಏಳರದ್ದು ಎರಡು ಸಲ ಬೇಳೆ ಸೀದುಹೋಗುತ್ತಿತ್ತು ಎಂದೆ. ಸರಾಸರಿ ಎನ್ನುವುದು ಮದುವೆಯ ಆಮಂತ್ರಣದಲ್ಲಿ ಬರೆಯುವ ಮುಹೂರ್ತದ ಹಾಗೆ. ತಾಳಿ ಕಟ್ಟುವುದು ಯಾವಾಗ ಎಂಬುದನ್ನು ತಿಳಿಯಲು ಬೇರೆ ಶಾಸ್ತ್ರವೇ ಬೇಕು.

ಆ ಶಾಸ್ತ್ರವನ್ನು ಹೇಳಿದವನು ಸ್ವೀಡನ್ನಿನ ಎಂಜಿನಿಯರ್ ವಾಲೊಡಿ ವೈಬುಲ್. 1951ರಲ್ಲಿ ಅವನು ಅಮೆರಿಕದ ಒಂದು ಯಂತ್ರಶಾಸ್ತ್ರ ಪತ್ರಿಕೆಯಲ್ಲಿ ಲೇಖನ ಬರೆದು, ಯಾವ ಅಳತೆಯೊಳಗೆ ನೂರಕ್ಕೆ ಎಷ್ಟು ಬೀಳುತ್ತವೆಂದು ಹೇಳುವ ಒಂದೇ ಸೂತ್ರ ಎಷ್ಟೆಲ್ಲ ಕಡೆ ಒಗ್ಗುತ್ತದೆಂದು ತೋರಿಸಲು ಏಳು ಉದಾಹರಣೆ ಕೊಟ್ಟ. ಉಕ್ಕಿನ ಬಲ, ಹಾರುಬೂದಿಯ ಕಣಗಳ ಗಾತ್ರ ಇರಲಿ. ಭಾರತದ ಹತ್ತಿಯ ಎಳೆ ಎಷ್ಟು ಗಟ್ಟಿ, ಬ್ರಿಟಿಷ್ ದ್ವೀಪಗಳ ಗಂಡಸರ ಎತ್ತರ ಎಷ್ಟು, ಬೀನ್ಸ್ ಕಾಳಿನ ಅಗಲ ಎಷ್ಟು ಎಂಬುದೂ ಅದರಲ್ಲಿತ್ತು. ಬೀನ್ಸ್ ಕಾಳಿಗೆ ಒಗ್ಗಿದ ಸೂತ್ರ ಅದನ್ನು ಬೇಯಿಸುವ ಕುಕ್ಕರಿಗೆ ಒಗ್ಗದಿರುತ್ತದೆಯೇ ಎಂಬ ಧೈರ್ಯದಲ್ಲಿ ಈ ಸೂತ್ರಕ್ಕೆಂದೇ ಗೀಟು ಹಾಕಿದ ಗ್ರಾಫ್ ಕಾಗದ ಹಿಡಿದು ಕುಳಿತೆ.

ಮೊದಲು ಹೋದದ್ದರ ಕ್ರಮಸಂಖ್ಯೆ ಒಂದು. ಅದರಲ್ಲಿ 0.3 ಕಳೆದು, ಒಟ್ಟು ಸಂಖ್ಯೆ ಐದಕ್ಕೆ 0.4 ಕೂಡಿಸಿ, ಭಾಗಿಸಬೇಕು. ನೂರಕ್ಕೆ ಸುಮಾರು ಹದಿಮೂರು ಬರುತ್ತದೆ. ಅಂದರೆ ಐದು ತಿಂಗಳಿಗೆ ನೂರರಲ್ಲಿ ಹದಿಮೂರು ಗ್ಯಾಸ್ಕೆಟ್ ಹೋಗಿರುತ್ತವೆಂದು ಊಹೆ. ಐದೂ ಚುಕ್ಕೆ ಇಟ್ಟು ನಡುವೆ ಗೆರೆ ಎಳೆದೆ. ಗೆರೆಯ ಓರೆ, ಅಂದರೆ ಬೀಟಾ, 3.5 ಬಂತು. ಸೂತ್ರದ ಇನ್ನೊಂದು ಅಂಕಿ ಈಟಾ, ಅದು ಒಂಬತ್ತು ತಿಂಗಳು. ಬೀಟಾ ಎಷ್ಟೇ ಇರಲಿ, ಈಟಾ ಮುಟ್ಟುವ ಹೊತ್ತಿಗೆ ನೂರಕ್ಕೆ 63.2 ಹೋಗಿರುತ್ತವೆ. ಈ ಮಾತನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದೆ. ಒಳಗಿನಿಂದ ಒಗ್ಗರಣೆಯ ಸದ್ದು ಮಾತ್ರ ಕೇಳಿತು.

ಇಲ್ಲಿ ಬೀಟಾದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನನ್ನ ಮಾನ ಹೋದದ್ದು ಅದರಿಂದಲೇ. ಒಂದಕ್ಕಿಂತ ಹೆಚ್ಚಿದ್ದರೆ ವಸ್ತು ವಯಸ್ಸಾದಂತೆ ಸವೆಯುತ್ತದೆ. ಮುಂಚೆಯೇ ಬದಲಾಯಿಸಿದರೆ ಲಾಭ. ಒಂದಕ್ಕಿಂತ ಕಡಿಮೆಯಿದ್ದರೆ ಕೂಸಾಗಿದ್ದಾಗಲೇ ಗಂಡಾಂತರ, ಹಳತಾದಷ್ಟೂ ನಂಬಬಹುದು. ಇದೆಲ್ಲ ಗೊತ್ತಿದ್ದವನು, ಗ್ಯಾಸ್ಕೆಟ್ಟಿನ ಗೆಲುವಿನ ಉತ್ಸಾಹದಲ್ಲಿ, ನಾಲ್ಕು ವರ್ಷದಿಂದ ಒಂದು ದಿನವೂ ತೊಂದರೆ ಕೊಡದ ಸಂಪ್ ಮೋಟಾರಿನ ಕೆಪಾಸಿಟರನ್ನು ಮುಂಜಾಗ್ರತೆಯೆಂದು ಬದಲಾಯಿಸಿದೆ. ಹೊಸದು ಮೂರನೆಯ ದಿನ ಉಬ್ಬಿ ಸತ್ತಿತು. ಅಂದು ಗೌರಿ ಹಬ್ಬ. ತಲೆಗೆ ಎಣ್ಣೆ ಹಚ್ಚಿಕೊಂಡು ನಿಂತ ಐದು ಮಂದಿಯ ಮುಂದೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್, “ಹೊಸದು ಒಂದು ವಾರ ನಿಂತರೆ ಆಮೇಲೆ ಭಯವಿಲ್ಲ ಸಾರ್. ಓಡುತ್ತಿದ್ದುದನ್ನು ಯಾಕೆ ಬಿಚ್ಚಿಸಿದಿರಿ?” ಎಂದ. ಬೀಟಾ ಒಂದಕ್ಕಿಂತ ಕಡಿಮೆ ಎಂಬುದನ್ನು ನಾನು ತರಬೇತಿ ತರಗತಿಗಳಲ್ಲಿ ಒಂದು ಗಂಟೆ ಹೇಳುತ್ತಿದ್ದೆ.

ಇನ್ನು ಬೀಟಾ ಸರಿಯಾಗಿ ಒಂದೇ ಇದ್ದರೆ? ಆಗ ವಸ್ತುವಿಗೆ ವಯಸ್ಸೆಂಬುದೇ ಇಲ್ಲ. ನಿನ್ನೆ ತಂದದ್ದೂ ಹತ್ತು ವರ್ಷದ ಹಿಂದೆ ತಂದದ್ದೂ ಇಂದು ಹೋಗುವ ಸಾಧ್ಯತೆ ಒಂದೇ. ಆಯುಷ್ಯಗಳ ಇಂಥ ಹಂಚಿಕೆಯನ್ನು ಸಂಖ್ಯಾಶಾಸ್ತ್ರದಲ್ಲಿ ಕಳೆದದ್ದರ ನೆನಪಿಲ್ಲದ ವಿತರಣೆ ಎಂದು ಕರೆಯುತ್ತಾರೆ. ನಮ್ಮ ಮನೆಯ ಕೊಡೆಗಳು ಈ ಜಾತಿಯವು. ಒಂದೂ ಹರಿದು ಹೋದದ್ದಿಲ್ಲ, ಎಲ್ಲವೂ ಬಸ್ಸಿನಲ್ಲಿ ಉಳಿದವು. “ನೆನಪಿಲ್ಲದ್ದು ವಿತರಣೆಗಲ್ಲ” ಎಂದಳು ಹೆಂಡತಿ.

ಹಳೆಯ ಕಾಲದ ಸಾಮಾನು ಗಟ್ಟಿ ಎನ್ನುವ ನೆರೆಯವರೊಂದಿಗೂ ನನಗೆ ಜಗಳವಾಗಿದೆ. ಗಟ್ಟಿಯಿಲ್ಲದವು ಎಂದೋ ಗುಜರಿಗೆ ಹೋದವು. ಉಳಿದ ಒಂದು ಮಿಕ್ಸಿಯನ್ನು ತೋರಿಸಿ ಇಡೀ ಕಾಲವನ್ನೇ ಹೊಗಳಿದರೆ ಹೇಗೆ? ಅತ್ತೆಯವರ ಒರಳುಕಲ್ಲಿನ ಮಾತು ಬೇರೆ. ಅದು ಇನ್ನೂ ಕೆಟ್ಟಿಲ್ಲ, ನನ್ನ ಪುಸ್ತಕ ತುಂಬುವವರೆಗೂ ಕೆಡುವುದಿಲ್ಲ. ಕೆಡದಿರುವುದನ್ನೂ ಲೆಕ್ಕಕ್ಕೆ ಹಿಡಿಯಲು ಸಂಖ್ಯಾಶಾಸ್ತ್ರದಲ್ಲಿ ದಾರಿಯಿದೆ. ಬಿಟ್ಟರೆ ವಸ್ತುಗಳ ಆಯುಷ್ಯವನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಗ್ಯಾಸ್ಕೆಟ್ಟಿಗೆ ಮರಳುತ್ತೇನೆ. ಬೇರಿಂಗ್ ಲೋಕದಲ್ಲಿ ನೂರರಲ್ಲಿ ಹತ್ತು ಕೆಡುವ ಹೊತ್ತನ್ನೇ ಆಯುಷ್ಯವೆಂದು ಬರೆಯುವ ರೂಢಿ. ನನ್ನ ಗೆರೆಯ ಪ್ರಕಾರ ಅದು ನಾಲ್ಕು ತಿಂಗಳು ಮೂರು ವಾರ. ಅಷ್ಟಕ್ಕೊಂದು ಬದಲಾಯಿಸೋಣ ಎಂದು ಗ್ರಾಫನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಈ ಐದು ತಿಂಗಳಿಗೇ ಹೋಯಿತಲ್ಲ, ಆಗ ನಿಮ್ಮ ಅಕ್ಕನ ಮನೆಯವರೆಲ್ಲ ಎರಡು ತಿಂಗಳು ಇಲ್ಲೇ ಇದ್ದರು. ದಿನಕ್ಕೆ ಮೂರು ಸಲ ಕುಕ್ಕರ್ ಇಡುತ್ತಿದ್ದೆ. ಹನ್ನೊಂದು ತಿಂಗಳು ಬಂತಲ್ಲ, ಆಗ ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ. ನೀವು ಹೋಟೆಲಿನಲ್ಲಿ ಉಂಡಿರಿ. ಕುಕ್ಕರ್ ಕಪಾಟಿನಲ್ಲಿತ್ತು.”

ನಾನು ಕುರ್ಚಿಯಲ್ಲಿ ಕುಳಿತೆ. ಬೇರಿಂಗಿನ ಆಯುಷ್ಯವನ್ನು ಸುತ್ತುಗಳಲ್ಲಿ ಎಣಿಸಬೇಕು, ಕ್ಯಾಲೆಂಡರಿನಲ್ಲಲ್ಲ ಎಂದು ಎಷ್ಟು ಹುಡುಗರಿಗೆ ಬೈದಿದ್ದೆನೋ! ಗ್ಯಾಸ್ಕೆಟ್ ಮುದಿಯಾಗುವುದು ತಿಂಗಳಿನಿಂದಲ್ಲ, ಕೂಗಿನಿಂದ. ಕೂಗಿನ ಲೆಕ್ಕ ಹಿಡಿದರೆ ಐದೂ ಚುಕ್ಕೆ ಹತ್ತಿರ ಬಂದು ಗೆರೆ ಇನ್ನಷ್ಟು ಕಡಿದಾಗುತ್ತಿತ್ತು.

ಅಂದಿನಿಂದ ಹಾಲ್‌ನಲ್ಲಿ ಕುಳಿತು ಕೂಗು ಎಣಿಸತೊಡಗಿದೆ. ಪ್ರತಿ ಕೂಗಿಗೂ ಕ್ಯಾಲೆಂಡರಿನಲ್ಲಿ ಒಂದು ಗೀಟು. ಪತ್ರಿಕೆ ಓದುವಾಗ ತಪ್ಪಿಹೋದರೆ ಒಳಗೆ ಹೋಗಿ, “ಈಗ ಆದದ್ದು ಮೂರನೆಯದೋ ನಾಲ್ಕನೆಯದೋ?” ಎಂದು ಕೇಳುತ್ತಿದ್ದೆ. ಆ ಮಾತಿನ ನಡುವೆ ಇನ್ನೆರಡು ಕೂಗು ಆಗಿ ಬೇಳೆ ಕರಗಿಹೋಗುತ್ತಿತ್ತು. ಮುಂಜಾಗ್ರತೆಗೆ ಅಂಗಡಿಯಿಂದ ಮೂರು ಗ್ಯಾಸ್ಕೆಟ್ ಒಟ್ಟಿಗೇ ತಂದು ರಾಗಿ ಡಬ್ಬದ ಹಿಂದೆ ಇಟ್ಟೆ.

ಕಳೆದ ಭಾನುವಾರ ಅಕ್ಕ ಭಾವ ಬಂದರು. ಆರನೆಯ ಗ್ಯಾಸ್ಕೆಟ್ ಎರಡನೆಯ ಕೂಗಿಗೆ ಮುಂಚೆಯೇ ಬುಸುಗುಟ್ಟಿತು. ನಾನು ಗಾಬರಿಯಾಗಲಿಲ್ಲ. ಎಲ್ಲರೂ ನೋಡುವಂತೆ ಒಳಗೆ ಹೋಗಿ, ಹೊಸದನ್ನು ತೆಗೆದು, ಮುಚ್ಚಳಕ್ಕೆ ಹಾಕಿದೆ. ಅದು ಕೂರಲಿಲ್ಲ. ಎರಡನೆಯದೂ ಕೂರಲಿಲ್ಲ. ನಮ್ಮದು ಐದು ಲೀಟರಿನ ಕುಕ್ಕರ್. ತಂದ ಮೂರೂ ಮೂರು ಲೀಟರಿನವು. ಹೆಂಡತಿ ಮಾತಾಡದೆ ಅಟ್ಟದಿಂದ ಹಳೆಯ ತಪ್ಪಲೆ ಇಳಿಸಿ ಅನ್ನ ಬಸಿದಳು.

ಸಂಜೆ ಆರನೆಯ ಅಂಕಿ ಬರೆಯಲು ಹಾಲಿನ ಪುಸ್ತಕ ತೆರೆದೆ. ಅವಳಾಗಲೇ ಬರೆದಿದ್ದಳು. ಪಕ್ಕದಲ್ಲಿ ಸ್ಕೇಲು ಹಿಡಿದು ಹೊಸದೊಂದು ಕಂಬ ಎಳೆದು, ಮೇಲೆ ‘ಯಾರು ಬಂದಿದ್ದರು’ ಎಂದು ತಲೆಬರಹ ಕೊಟ್ಟಿದ್ದಳು. ಆರು ಸಾಲುಗಳಲ್ಲೂ ನನ್ನ ಕಡೆಯವರ ಹೆಸರೇ ಇತ್ತು.