ಅಂಗಡಿ ಬೇಡ, ಸ್ಟಿಕ್ಕರ್ ಸಾಕು

ಪೇಟೆಯ ಖಾಲಿ ಅಂಗಡಿಗೆ ಹೊಸ ವ್ಯಾಪಾರಿಯನ್ನು ಕರೆತರುವುದು ತಲೆನೋವಿನ ಕೆಲಸ. ಬಾಡಿಗೆ ಇಳಿಯಬೇಕು, ಲೈಸೆನ್ಸ್ ಬೇಗ ಸಿಗಬೇಕು, ಗಿರಾಕಿಗಳು ಬರಬೇಕು. ಅದೇ ಗಾಜಿಗೆ ಅಂಟಿಸುವ ಅಂಗಡಿ ಚಿತ್ರದ ಸ್ಟಿಕ್ಕರ್ ಆದರೆ? ಒಂದು ಏಣಿ ಇದ್ದರೆ ಸಾಕು.

ಸುಮ್ನೆ ಹೇಳುತ್ತಿಲ್ಲ. 2013ರ ಜೂನ್‌ನಲ್ಲಿ ಉತ್ತರ ಐರ್ಲೆಂಡಿನ ಫರ್ಮನಾ ಕೌಂಟಿಯಲ್ಲಿ ಜಿ8 ಶೃಂಗಸಭೆ ನಡೆಯಿತು. ದೊಡ್ಡ ದೊಡ್ಡ ದೇಶದ ನಾಯಕರು ಬರುವಾಗ ಬಾಗಿಲು ಹಾಕಿದ ಅಂಗಡಿ ಕಂಡರೆ ಮರ್ಯಾದೆ ಏನಾಗಬೇಕು? ಬೆಲ್ಕೂ ಎಂಬ ಊರಿನಲ್ಲಿ ಮುಚ್ಚಿಹೋಗಿದ್ದ ಮಾಂಸದಂಗಡಿಯ ಮುಂದೆ ಮಾಂಸದಂಗಡಿಯದೇ ಚಿತ್ರ ಅಂಟಿಸಿದರು. ದೂರದಿಂದ ನೋಡಿದರೆ ವ್ಯಾಪಾರ ಜೋರು. ಎದುರುಗಡೆ ಇನ್ನೊಂದು ಖಾಲಿ ಕಟ್ಟಡ ರಾತ್ರೋರಾತ್ರಿ ಸ್ಟೇಷನರಿ ಅಂಗಡಿಯಾಯಿತು. ಅಂದ ಹಾಗೆ, ಆ ಸಭೆಯ ಮೂರು ಮುಖ್ಯ ವಿಷಯಗಳಲ್ಲಿ ಒಂದು ಪಾರದರ್ಶಕತೆ! ಗಾಜಿಗೆ ಚಿತ್ರ ಮೆತ್ತಿದವರಿಗೆ ಇದು ಗೊತ್ತಿತ್ತೋ ಇಲ್ಲವೋ.

ಇದೇನೂ ಹೊಸ ಐಡಿಯಾ ಅಲ್ಲ. ಇಂಗ್ಲೆಂಡಿನ ವಿಟ್ಲಿ ಬೇ ಪಟ್ಟಣದಲ್ಲಿ 2009ರಲ್ಲೇ ಇಂಥದ್ದೊಂದು ಹುಸಿ ಅಂಗಡಿ ಇತ್ತು.

ನೀವು ಕೇಳಬಹುದು, ಮಾಲೀಕ ಬಾಡಿಗೆ ಸ್ವಲ್ಪ ಇಳಿಸಿದರೆ ಆಗಲ್ವಾ ಅಂತ. ಆಗಲ್ಲ ಸ್ವಾಮಿ. ವಾಣಿಜ್ಯ ಕಟ್ಟಡದ ಬೆಲೆ ಕಟ್ಟುವುದೇ ಬಾಡಿಗೆ ಲೆಕ್ಕದ ಮೇಲೆ. ಆ ಬೆಲೆ ನೋಡಿಯೇ ಬ್ಯಾಂಕು ಸಾಲ ಕೊಟ್ಟಿರುತ್ತದೆ. ಬಾಡಿಗೆ ಇಳಿದರೆ ಬೆಲೆ ಇಳಿಯುತ್ತದೆ, ಬ್ಯಾಂಕಿನವರ ಹುಬ್ಬು ಏರುತ್ತದೆ. ಹಾಗಾಗಿ ಅಂಗಡಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದರೂ ಬಾಡಿಗೆ ಮಾತ್ರ ಕಾಗದದ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ. ಕಾಗದದ ಬಾಡಿಗೆಗೆ ಕಾಗದದ ವ್ಯಾಪಾರಿ. ಈಡು ಜೋಡು ಸರಿಯಾಗಿದೆ ಅಲ್ವಾ?

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಮಾರ್ಕಸ್ ವೆಸ್ಟ್‌ಬರಿ ಎಂಬಾತ 2008ರಲ್ಲಿ ಬೇರೆ ದಾರಿ ಹಿಡಿದ. ಮಾಲೀಕರ ಮನವೊಲಿಸಿ, ಖಾಲಿ ಅಂಗಡಿಗಳನ್ನು ಕಲಾವಿದರಿಗೂ ಕುಶಲಕರ್ಮಿಗಳಿಗೂ ತಾತ್ಕಾಲಿಕವಾಗಿ ಕೊಡಿಸಿದ. ಮಾಲೀಕರಿಗೆ ಒಳ್ಳೆಯ ಬಾಡಿಗೆದಾರ ಸಿಕ್ಕರೆ ಇವರು ಜಾಗ ಬಿಡಬೇಕು, ಅಷ್ಟೇ ಷರತ್ತು. ಪೇಟೆಗೆ ಜೀವ ಬಂತು ನಿಜ. ಆದರೆ ಅಪಾಯ ನೋಡಿ, ಒಳಗಿರುವುದು ಜೀವ ಇರುವ ಮನುಷ್ಯರು! ಅವರಿಗೆ ಬೀದಿ ದೀಪ ಬೇಕು, ಚರಂಡಿ ಬೇಕು. ಮಾತೆತ್ತಿದರೆ ಅರ್ಜಿ. ಸ್ಟಿಕ್ಕರ್ ವ್ಯಾಪಾರಿ ಹಾಗಲ್ಲ. ಯಾವಾಗಲೂ ನಗುತ್ತಾನೆ, ನಷ್ಟ ಆಗಿದೆ ಅನ್ನುವುದಿಲ್ಲ, ಫೋಟೋದಲ್ಲಿ ಜಾಸ್ತಿ ಚೆನ್ನಾಗಿ ಕಾಣುತ್ತಾನೆ. ಮಳೆಗೆ ಒಂದು ಮೂಲೆ ಕಿತ್ತು ಬಂದರೆ ಗೋಂದು ಹಚ್ಚಿದರಾಯಿತು.

ಒಂದೇ ಒಂದು ಭಯ. ನಾಳೆ ನಿಜವಾದ ವ್ಯಾಪಾರಿಯೊಬ್ಬ ದುಡ್ಡು ಹಿಡಿದುಕೊಂಡು ಪೇಟೆಗೆ ಬರುತ್ತಾನೆ. ಬೀದಿ ಉದ್ದಕ್ಕೂ ನೋಡುತ್ತಾನೆ. "ಛೆ, ಒಂದು ಅಂಗಡಿಯೂ ಖಾಲಿ ಇಲ್ಲವಲ್ಲ" ಅಂತ ವಾಪಸ್ ಹೋಗುತ್ತಾನೆ.